ಹೆಸರು ಮತ್ತು ನೆತ್ತರು: ಸಿದ್ದಿ ಸಮುದಾಯವನ್ನು ಕುರಿತ ತಳಿವೈಜ್ಞಾನಿಕ ಅಧ್ಯಯನಗಳ ವಿಮರ್ಶೆ

ಒಂದು ಸಮುದಾಯವು ಎಲ್ಲಿಂದ ಬಂದಿತು, ಯಾರ ಸಂತತಿ, ಯಾರೊಡನೆ ಬೆರೆಯಿತು ಎಂಬ ಪ್ರಶ್ನೆಗಳು ಬಹುಕಾಲ ಜಾನಪದ ಹಾಗೂ ಮಾನವಶಾಸ್ತ್ರಗಳ ವ್ಯಾಪ್ತಿಗೆ ಸೇರಿದ್ದವು. ಕುಲಪುರಾಣ, ಐತಿಹ್ಯ, ಬೆಡಗು-ಬಳಿಗಳ ವಿವರ, ಹೆಳವರು ಹೇಳುವ ವಂಶಾವಳಿ, ಹಿರಿಯರ ಆರಾಧನೆ ಮೊದಲಾದವು ಈ ಪ್ರಶ್ನೆಗಳಿಗೆ ಆಕರಗಳಾಗಿದ್ದವು. ಕಳೆದ ಶತಮಾನದ ಕೊನೆಯ ದಶಕಗಳಿಂದೀಚೆಗೆ ಇದೇ ಪ್ರಶ್ನೆಗಳನ್ನು ಜನಸಮೂಹ ತಳಿವಿಜ್ಞಾನವು ಕೈಗೆತ್ತಿಕೊಂಡಿದೆ. ಅದರ ಆಕರ ರಕ್ತದ ಹನಿ. ಅದರ ಭಾಷೆ ಅಂಕಿಅಂಶ. ಅದು ನೀಡುವ ಉತ್ತರಗಳಿಗೆ ನ್ಯಾಯಾಲಯ, ಸರ್ಕಾರ, ಪತ್ರಿಕೆ ಮತ್ತು ಸಾಮಾನ್ಯ ಓದುಗರಲ್ಲಿ ದೊರೆಯುವ ಮನ್ನಣೆ ಮೌಖಿಕ ಆಕರಗಳಿಗೆ ಎಂದೂ ದೊರೆತಿಲ್ಲ. ಆದ್ದರಿಂದಲೇ ಈ ಅಧ್ಯಯನಗಳನ್ನು ಅವುಗಳ ಆಕರ, ವಿಧಾನ ಮತ್ತು ಪರಿಭಾಷೆಗಳ ನೆಲೆಯಿಂದ ವಿಮರ್ಶಿಸುವುದು ಜಾನಪದ ವಿದ್ವಾಂಸರ ಕರ್ತವ್ಯವಾಗುತ್ತದೆ.

ಪ್ರಸ್ತುತ ಲೇಖನವು ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ಒಂದು ನಿದರ್ಶನವನ್ನು ಆರಿಸಿಕೊಳ್ಳುತ್ತದೆ. ಉತ್ತರ ಕನ್ನಡ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿಗಳನ್ನು ಕುರಿತು ನಡೆದ ತಳಿವೈಜ್ಞಾನಿಕ ಅಧ್ಯಯನಗಳು ಇಲ್ಲಿನ ವಸ್ತು. ಈ ಅಧ್ಯಯನಗಳು ನೆತ್ತರನ್ನು ಓದುವುದಕ್ಕೆ ಮುನ್ನ ಹೆಸರನ್ನು ಓದುತ್ತವೆ, ಆ ಹೆಸರಾದರೋ ಸಂಸ್ಕೃತಿ ಮತ್ತು ಇತಿಹಾಸಗಳು ಕೊಟ್ಟದ್ದು ಎಂಬುದು ಲೇಖನದ ಮುಖ್ಯ ಪ್ರತಿಪಾದನೆ.

ಅಧ್ಯಯನಗಳ ಹಿನ್ನೆಲೆ

ಮಾನವರ ತಳಿವೈವಿಧ್ಯವನ್ನು ಕುರಿತ ಆಧುನಿಕ ಚಿಂತನೆಗೆ ರಿಚರ್ಡ್ ಲೆವಾಂಟಿನ್ ಅವರ 1972ರ ಲೇಖನ ಒಂದು ಮೈಲಿಗಲ್ಲು. ರಕ್ತದ ಗುಂಪುಗಳು ಮತ್ತು ಪ್ರೋಟೀನುಗಳ ಮಾಹಿತಿಯನ್ನು ವಿಶ್ಲೇಷಿಸಿದ ಅವರು, ಮಾನವರಲ್ಲಿ ಕಾಣುವ ಒಟ್ಟು ವೈವಿಧ್ಯದ ಸುಮಾರು ಶೇ. 85ರಷ್ಟು ಯಾವುದೇ ಒಂದು ಜನಸಮೂಹದ ಒಳಗೇ ಇರುತ್ತದೆಂದೂ, 'ಜನಾಂಗ'ಗಳೆಂದು ಕರೆಯಲಾಗುವ ದೊಡ್ಡ ಗುಂಪುಗಳ ನಡುವಿನ ವ್ಯತ್ಯಾಸ ಶೇ. 6ರ ಆಸುಪಾಸಿನದೆಂದೂ ತೋರಿಸಿದರು. 2002ರಲ್ಲಿ 52 ಜನಸಮೂಹಗಳ 1056 ವ್ಯಕ್ತಿಗಳನ್ನು ಒಳಗೊಂಡ ರೋಸೆನ್‌ಬರ್ಗ್ ಮತ್ತಿತರರ ಅಧ್ಯಯನವು ಗುಂಪಿನ ಒಳಗಿನ ವೈವಿಧ್ಯವನ್ನು ಶೇ. 93ರಿಂದ 95ರಷ್ಟು ಎಂದು ಗುರುತಿಸಿತು. ಉಳಿದ ಅಲ್ಪ ವ್ಯತ್ಯಾಸವನ್ನೇ ಗಣಕದ ನೆರವಿನಿಂದ ಪರಿಶೀಲಿಸಿ ವ್ಯಕ್ತಿಯ ಪೂರ್ವಜರ ಭೌಗೋಳಿಕ ನೆಲೆಯನ್ನು ಊಹಿಸಬಹುದೆಂಬುದನ್ನೂ ಅದೇ ಅಧ್ಯಯನ ತೋರಿಸಿತು. ಈ ಎರಡು ಮಾತುಗಳನ್ನು ಒಟ್ಟಿಗೆ ನೆನಪಿನಲ್ಲಿಡುವುದು ಅಗತ್ಯ. ಮನುಷ್ಯರು ಬಹುಮಟ್ಟಿಗೆ ಒಂದೇ. ಆದರೂ ಅವರ ದೇಹದಲ್ಲಿ ಪಯಣದ ಗುರುತುಗಳು ಉಳಿದಿರುತ್ತವೆ.

ಸಿದ್ದಿಗಳ ವಿಷಯಕ್ಕೆ ಬಂದರೆ, 2001ರಲ್ಲಿ ಆಂಧ್ರಪ್ರದೇಶದ ಜಾತಿ, ಬುಡಕಟ್ಟುಗಳೊಡನೆ ಅಲ್ಲಿನ ಸಿದ್ದಿಗಳ ವೈ ವರ್ಣತಂತುವನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೇ ಸಿದ್ದಿಗಳನ್ನು 'ವಲಸಿಗ' ಎಂದು ಕರೆಯಲಾಗಿತ್ತು. ಅನಂತರ 2011ರಲ್ಲಿ ಅಮೆರಿಕದ ಮಾನವ ತಳಿವಿಜ್ಞಾನ ಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬೆಳಕು ಕಂಡವು. ಮೊದಲನೆಯದು ಅನೀಶ್ ಷಾ, ಕುಮಾರಸಾಮಿ ತಂಗರಾಜ್ ಮತ್ತಿತರರದು. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವಶಾಸ್ತ್ರ ಕೇಂದ್ರದ ಈ ಕೆಲಸವು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಗಳನ್ನು ಹೆಸರಿಸಿಯೇ ಅಭ್ಯಸಿಸಿತು. ಎರಡನೆಯದು ಅಂಕಿತಾ ನಾರಂಗ್ ಮತ್ತಿತರರದು. ಪಶ್ಚಿಮ ಭಾರತದಲ್ಲಿ ನೆಲೆಸಿದ ಆಫ್ರಿಕನ್ ಮೂಲದ ಸಮೂಹವೊಂದನ್ನು ಅದು 18,534 ಗುರುತುಬಿಂದುಗಳ ಆಧಾರದಿಂದ ಪರಿಶೀಲಿಸಿತು.

ಮೊದಲ ಲೇಖನದ ನಿರ್ಣಯದಂತೆ ಸಿದ್ದಿಗಳ ವಂಶವಾಹಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಫ್ರಿಕನ್ ಮೂಲದ್ದು. ಉಳಿದದ್ದು ಭಾರತೀಯ ಮತ್ತು ಪ್ರಾಯಶಃ ಪೋರ್ಚುಗೀಸ್ ಮೂಲದ್ದು. ಆಫ್ರಿಕದ ಪೂರ್ವಜರು ಬಾಂಟು ಭಾಷಿಕರು. ನೆರೆಯ ಸಮುದಾಯಗಳೊಡನೆ ಬೆರಕೆ ನಡೆದದ್ದು ಕಳೆದ ಎಂಟು ತಲೆಮಾರುಗಳಲ್ಲಿ, ಅಂದರೆ ಸುಮಾರು 200 ವರ್ಷಗಳಿಂದೀಚೆಗೆ. ಎರಡನೆಯ ಲೇಖನವು ಆಫ್ರಿಕನ್ ಪಾಲನ್ನು ಶೇ. 58.7 ಎಂದು ಲೆಕ್ಕಹಾಕಿತು. ಈ ಫಲಿತಗಳ ಮೌಲ್ಯವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರೆಂಬ ಇತಿಹಾಸಕಾರರ ಮಾತಿಗೆ ಇವು ಸ್ವತಂತ್ರವಾದ ಬೆಂಬಲ ನೀಡಿವೆ. ಲಿಖಿತ ದಾಖಲೆಗಳಲ್ಲಿ ಸರಕಿನ ಲೆಕ್ಕವಾಗಿ ಮಾತ್ರ ಉಳಿದ ಜನರ ಪಯಣವನ್ನು ಅವರ ಮೊಮ್ಮಕ್ಕಳ ದೇಹವೇ ಸಾಕ್ಷ್ಯವಾಗಿ ಹೇಳುವುದು ಸಣ್ಣ ಸಂಗತಿಯಲ್ಲ. ಪ್ರಶ್ನೆಗಳು ಹುಟ್ಟುವುದು ಫಲಿತಗಳನ್ನು ಅರ್ಥೈಸುವ ಹಂತದಲ್ಲಿ.

ಹೆಸರಿನ ಪ್ರಶ್ನೆ

ಯಾವುದೇ ತಳಿವೈಜ್ಞಾನಿಕ ಅಧ್ಯಯನ ಆರಂಭವಾಗುವುದು ಮಾದರಿ ಸಂಗ್ರಹದಿಂದ. ಸಂಶೋಧಕರು ಒಂದು ಊರಿಗೆ ಹೋಗುತ್ತಾರೆ, 'ನೀವು ಯಾರು?' ಎಂದು ಕೇಳುತ್ತಾರೆ. ಬಂದ ಉತ್ತರವನ್ನು ಸೀಸೆಯ ಮೇಲೆ ಬರೆಯುತ್ತಾರೆ. ಮುಂದಿನ ಎಲ್ಲ ಲೆಕ್ಕಾಚಾರವೂ ಆ ಚೀಟಿಯ ಮೇಲೆ ನಿಂತಿರುತ್ತದೆ. ಸಿದ್ದಿ ಎಂಬುದು ಅಂಥ ಒಂದು ಚೀಟಿ.

ಆದರೆ ಈ ಹೆಸರಿನಡಿ ಬರುವವರು ಒಂದೇ ದಾರಿಯಿಂದ ಬಂದವರಲ್ಲ. ದಖನ್ನಿನ ಸುಲ್ತಾನರ ಸೈನ್ಯಗಳಲ್ಲಿದ್ದ ಹಬ್ಶಿಗಳು ಅಬಿಸೀನಿಯದ ನಂಟುಳ್ಳವರು. ಅಹಮದ್‌ನಗರದ ಮಲಿಕ್ ಅಂಬರ್ ಅವರಲ್ಲಿ ಪ್ರಸಿದ್ಧ. ಜಂಜೀರಾದ ಸಿದ್ದಿಗಳು ಕಡಲಕೋಟೆಯ ಒಡೆಯರಾಗಿ ಆಳಿದವರು. ಗುಜರಾತಿನ ಸಿದ್ದಿಗಳು ಬಾವಾ ಗೋರ್ ಎಂಬ ಸಂತನ ಆರಾಧನೆಯ ಸುತ್ತ ಸಂಘಟಿತರಾದವರು. ಹೈದರಾಬಾದಿನವರು ನಿಜಾಮನ ಕಾವಲು ಪಡೆಯ ಸಂತತಿ. ಉತ್ತರ ಕನ್ನಡದವರಾದರೋ ಹೆಚ್ಚಾಗಿ ಗೋವೆಯ ಪೋರ್ಚುಗೀಸರ ಬಳಿ ಗುಲಾಮರಾಗಿದ್ದು ಘಟ್ಟದ ಕಾಡಿಗೆ ತಪ್ಪಿಸಿಕೊಂಡು ಬಂದವರ ವಂಶಜರೆಂದು ಇತಿಹಾಸ ಹೇಳುತ್ತದೆ. ಕರ್ನಾಟಕದ ಸಿದ್ದಿಗಳಲ್ಲಿಯೇ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮತಗಳವರಿದ್ದಾರೆ. ದೊರೆಯೂ ಗುಲಾಮನೂ ಒಂದೇ ಹೆಸರಿನಡಿ ಸೇರಿದ್ದು ಭಾರತದ ನೆಲದಲ್ಲಿ, ನೋಡುವವರ ಕಣ್ಣಿನಲ್ಲಿ. ಈ ಹೆಸರನ್ನು ಒಂದೇ ಜೈವಿಕ ಘಟಕವೆಂದು ಭಾವಿಸಿ ಸರಾಸರಿ ತೆಗೆದಾಗ ದೊರೆಯುವ ಸಂಖ್ಯೆಯು ಹೆಸರಿನ ಚರಿತ್ರೆಯನ್ನೂ ತನ್ನೊಳಗೆ ಸೇರಿಸಿಕೊಂಡಿರುತ್ತದೆ.

ಎರಡನೆಯ ಲೇಖನವು ಇದಕ್ಕೆ ವಿರುದ್ಧವಾದ ಹಾದಿ ಹಿಡಿದಿದೆ. ಅಲ್ಲಿ ಸಮುದಾಯಕ್ಕೆ ಹೆಸರಿಲ್ಲ. 'ಓಜಿ-ಡಬ್ಲ್ಯು-ಐಪಿ' ಎಂಬ ಸಂಕೇತವಿದೆ. ಭಾರತೀಯ ವಂಶವಾಹಿ ವೈವಿಧ್ಯ ಒಕ್ಕೂಟವು 55 ಜನಸಮೂಹಗಳ ಅಧ್ಯಯನಕ್ಕೆ ರೂಪಿಸಿದ ಪದ್ಧತಿಯಿದು. ಜಾತಿ, ಬುಡಕಟ್ಟುಗಳ ಹೆಸರನ್ನು ಮರೆಮಾಡಿ ಭಾಷಾವರ್ಗ, ದಿಕ್ಕು, ಸಾಮಾಜಿಕ ನೆಲೆ ಇವುಗಳ ಮೊದಲಕ್ಷರಗಳಿಂದ ಗುಂಪನ್ನು ಸೂಚಿಸುವುದು ಅದರ ಕ್ರಮ. ಅದರಂತೆ ಈ ಸಂಕೇತದ ಅರ್ಥ 'ಹೊರಗುಂಪು, ಪಶ್ಚಿಮ, ಪ್ರತ್ಯೇಕಿತ ಜನಸಮೂಹ' ಎಂದಾಗುತ್ತದೆ. ಸಮುದಾಯಕ್ಕೆ ಕಳಂಕ ತಟ್ಟಬಾರದೆಂಬ ಸದುದ್ದೇಶ ಇದರ ಹಿಂದಿದೆ. ಆದರೆ ಆಫ್ರಿಕನ್ ಮೂಲದ, ಐದು ಶತಮಾನಗಳಿಂದ ಪಶ್ಚಿಮ ಭಾರತದಲ್ಲಿರುವ ಜನರೆಂಬ ವಿವರಣೆ ಸಿದ್ದಿಗಳ ಹೊರತು ಮತ್ತಾರಿಗೂ ಸಲ್ಲದು. ಹೀಗಾಗಿ ಸಂಕೇತವು ಗುರುತನ್ನು ಮುಚ್ಚಿಡಲಿಲ್ಲ. ಹೆಸರು ಹೋಯಿತು, ಅದರ ಜಾಗದಲ್ಲಿ 'ಹೊರಗಿನವರು' ಎಂಬ ವರ್ಗೀಕರಣ ಉಳಿಯಿತು. ವಕ್ತೃವಿನ ಹೆಸರನ್ನು ದಾಖಲಿಸಬೇಕೆ, ಬಿಡಬೇಕೆ ಎಂಬ ಜಿಜ್ಞಾಸೆ ಜಾನಪದ ಕ್ಷೇತ್ರಕಾರ್ಯದಲ್ಲಿಯೂ ಇದೆ. ಆ ಅನುಭವದ ಬೆಳಕಿನಲ್ಲಿ ಹೇಳುವುದಾದರೆ, ಹೆಸರನ್ನು ಇಡುವ ಅಥವಾ ಬಿಡುವ ನಿರ್ಧಾರ ಆ ಜನರದ್ದಾಗಿರಬೇಕು.

ಹೋಲಿಕೆಯ ಮಿತಿ

ಪೂರ್ವಜರ ಪಾಲನ್ನು ಲೆಕ್ಕಹಾಕುವ ವಿಧಾನವು ಹೋಲಿಕೆಯನ್ನು ಅವಲಂಬಿಸಿದೆ. ಇಂದು ಜೀವಿಸಿರುವ ಕೆಲವು ಸಮೂಹಗಳನ್ನು ಹಿಂದಿನವರ ಪ್ರತಿನಿಧಿಗಳೆಂದು ಇಟ್ಟುಕೊಂಡು, ಅಭ್ಯಾಸಕ್ಕೆ ಒಳಪಟ್ಟ ವ್ಯಕ್ತಿ ಯಾರನ್ನು ಎಷ್ಟು ಹೋಲುತ್ತಾನೆಂದು ನೋಡಲಾಗುತ್ತದೆ. ಹೋಲಿಕೆಯ ಪಟ್ಟಿಯಲ್ಲಿ ಯಾರಿಲ್ಲವೋ ಅವರು ಉತ್ತರದಲ್ಲಿಯೂ ಬರಲಾರರು. 2002ರಲ್ಲಿ ಸಂಶೋಧಕರಿಗೆ ತೆರೆದಿಟ್ಟ ಜಾಗತಿಕ ಮಾದರಿ ಸಂಗ್ರಹದಲ್ಲಿ ಭಾರತದ ಒಂದು ಸಮೂಹವೂ ಇರಲಿಲ್ಲ. ದಕ್ಷಿಣ ಏಷ್ಯದ ಪ್ರಾತಿನಿಧ್ಯ ಪಾಕಿಸ್ತಾನದ ಸಮೂಹಗಳಿಗೆ ಸೀಮಿತವಾಗಿತ್ತು. ಆ ಸಂಗ್ರಹದಲ್ಲಿ ಆಫ್ರಿಕದ ಬಾಂಟು ಭಾಷಿಕರ ಮಾದರಿಗಳು ಕೀನ್ಯ ಮತ್ತು ದಕ್ಷಿಣ ಆಫ್ರಿಕಗಳಿಂದ ಬಂದವು.

ಎರಡನೆಯ ಲೇಖನವು ಸಿದ್ದಿಗಳ ಮೂಲವನ್ನು ಬಾಂಟು ಭಾಷಿಕ 'ಪಶ್ಚಿಮ ಆಫ್ರಿಕ'ದಲ್ಲಿ ಗುರುತಿಸಿರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪೋರ್ಚುಗೀಸರು ಗೋವೆಗೆ ಗುಲಾಮರನ್ನು ತಂದದ್ದು ಮುಖ್ಯವಾಗಿ ಪೂರ್ವ ಕರಾವಳಿಯ ಮೊಜಾಂಬಿಕ್ ಕಡೆಯಿಂದ. ಇಲ್ಲಿ ವಿರೋಧಾಭಾಸ ಕಾಣುತ್ತದೆ. ಆದರೆ ಬಾಂಟು ಭಾಷಿಕರು ಇಂದಿನ ಕ್ಯಾಮರೂನ್-ನೈಜೀರಿಯ ಗಡಿಯ ಸೀಮೆಯಿಂದ ಕೆಲವು ಸಾವಿರ ವರ್ಷಗಳ ಹಿಂದೆ ಹೊರಟು ಪೂರ್ವಕ್ಕೂ ದಕ್ಷಿಣಕ್ಕೂ ಹರಡಿದವರೆಂಬುದನ್ನು ನೆನೆದರೆ ತೊಡಕು ಬಿಡಿಸಿಕೊಳ್ಳುತ್ತದೆ. ಲೇಖನವು ಗುರುತಿಸಿದ್ದು ಆ ಪ್ರಾಚೀನ ಪದರವನ್ನು ಎಂದು ಭಾವಿಸಬಹುದು. ಹಡಗು ಹತ್ತಿದ ಬಂದರು ಅದರಿಂದ ತಿಳಿಯದು. 'ಸಿದ್ದಿಗಳು ಎಲ್ಲಿಂದ ಬಂದರು?' ಎಂಬ ಒಂದೇ ಪ್ರಶ್ನೆಗೆ ಸಾವಿರಾರು ವರ್ಷಗಳ ಹಿಂದಿನ ಉತ್ತರವೂ, ಮುನ್ನೂರು ವರ್ಷಗಳ ಹಿಂದಿನ ಉತ್ತರವೂ ಇರುತ್ತವೆ. ಯಾವುದನ್ನು 'ಮೂಲ'ವೆಂದು ಕರೆಯಬೇಕು ಎಂಬುದನ್ನು ವಂಶವಾಹಿ ತೀರ್ಮಾನಿಸುವುದಿಲ್ಲ. ಇದಲ್ಲದೆ 'ಬಾಂಟು' ಎಂಬುದು ಹತ್ತೊಂಬತ್ತನೆಯ ಶತಮಾನದ ಭಾಷಾವಿಜ್ಞಾನಿಗಳು ಭಾಷಾಪರಿವಾರವೊಂದಕ್ಕೆ ಇಟ್ಟ ಹೆಸರು. ಉತ್ತರ ಕನ್ನಡದ ಸಿದ್ದಿಗಳು ಕೊಂಕಣಿ, ಕನ್ನಡ, ಮರಾಠಿ, ಉರ್ದು ಆಡುವವರು. ಅವರು ಆಡದ ನುಡಿಯ ಹೆಸರು ಅವರ ನೆತ್ತರಿನ ಹೆಸರಾಗಿ ಮರಳಿ ಬಂದಿದೆ.

ಕಾಲದ ಲೆಕ್ಕ

ಬೆರಕೆಯ ಕಾಲವನ್ನು ನಿರ್ಣಯಿಸುವ ವಿಧಾನ ಸ್ಥೂಲವಾಗಿ ಹೀಗಿದೆ. ಎರಡು ಮೂಲದವರ ಸಂತಾನದಲ್ಲಿ ಪ್ರತಿ ಮೂಲದ ವಂಶವಾಹಿಯೂ ಉದ್ದುದ್ದ ತುಂಡುಗಳಾಗಿ ಇರುತ್ತದೆ. ತಲೆಮಾರಿನಿಂದ ತಲೆಮಾರಿಗೆ ಆ ತುಂಡುಗಳು ಮುರಿದು ಚಿಕ್ಕವಾಗುತ್ತ ಹೋಗುತ್ತವೆ. ಇಂದು ಉಳಿದಿರುವ ತುಂಡುಗಳ ಉದ್ದದಿಂದ ಎಷ್ಟು ತಲೆಮಾರು ಕಳೆದಿದೆಯೆಂದು ಅಳೆಯಬಹುದು. ಬೆರಕೆ ಒಂದೇ ಬಾರಿಗೆ ನಡೆದಿದ್ದರೆ ಈ ಅಳತೆ ಸ್ಪಷ್ಟ. ಹಲವು ಬಾರಿ, ಬೇರೆ ಬೇರೆ ಕಾಲದಲ್ಲಿ ನಡೆದಿದ್ದರೆ ಸಿಗುವುದು ಈಚಿನ ಬೆರಕೆಯತ್ತ ವಾಲಿದ ಒಂದು ಸರಾಸರಿ.

ಹೀಗಿರುವಾಗ 'ಎಂಟು ತಲೆಮಾರು' ಎಂಬುದನ್ನು ಸಿದ್ದಿಗಳು ಭಾರತಕ್ಕೆ ಬಂದ ಕಾಲವೆಂದಾಗಲಿ, ಗೋವೆಯಿಂದ ತಪ್ಪಿಸಿಕೊಂಡ ಕಾಲವೆಂದಾಗಲಿ ತಿಳಿಯಲಾಗದು. ಮೊದಲ ಲೇಖನವೇ ಪೋರ್ಚುಗೀಸರು ಅವರನ್ನು ತಂದದ್ದು 300ರಿಂದ 500 ವರ್ಷಗಳ ಹಿಂದೆ ಎಂಬ ದಾಖಲೆಗಳ ಮಾತಿನಿಂದ ಆರಂಭವಾಗುತ್ತದೆ; ಬೆರಕೆಗೆ 200 ವರ್ಷ ಎನ್ನುತ್ತದೆ; ಇದು ಇತಿಹಾಸದೊಡನೆ ಹೊಂದುತ್ತದೆಂದು ಮುಕ್ತಾಯಗೊಳ್ಳುತ್ತದೆ. ಇವುಗಳ ನಡುವೆ ಉಳಿಯುವ ನೂರರಿಂದ ಮುನ್ನೂರು ವರ್ಷಗಳ ಅಂತರವನ್ನು 'ಹೊಂದಾಣಿಕೆ' ಎಂಬ ಮಾತು ಮುಚ್ಚಿಬಿಡುತ್ತದೆ. ಸಂಶೋಧನೆಗೆ ಮುಖ್ಯವಾಗಬೇಕಾದದ್ದು ಆ ಅಂತರವೇ. ಆ ಅವಧಿಯಲ್ಲಿ ಇವರು ಯಾರ ಮನೆಗಳಲ್ಲಿ ದುಡಿದರು? ಯಾರೊಡನೆ ಮದುವೆಯಾಗಲು ಅವಕಾಶವಿತ್ತು? ಕಾಡಿನಲ್ಲಿ ನೆಲೆ ನಿಂತ ಮೇಲೆ ನೆರೆಯವರೊಡನೆ ಸಂಬಂಧ ಹೇಗೆ ಕೂಡಿತು? ಇವುಗಳಿಗೆ ಉತ್ತರ ಬೇಕಾದರೆ ಗೋವೆಯ ಚರ್ಚುಗಳ ದಾಖಲೆಗಳೂ ಸಿದ್ದಿ ಮನೆಗಳ ಮಾತುಗಳೂ ಬೇಕು.

ವೈ ವರ್ಣತಂತು ತಂದೆಯ ದಾರಿಯಲ್ಲಿ, ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯ ದಾರಿಯಲ್ಲಿ ಇಳಿದುಬರುತ್ತವೆ. ಎಂಟು ತಲೆಮಾರು ಹಿಂದಕ್ಕೆ ಹೋದರೆ ವ್ಯಕ್ತಿಯೊಬ್ಬನ ವಂಶವೃಕ್ಷದಲ್ಲಿ 256 ಪೂರ್ವಜರ ಸ್ಥಾನಗಳಿರುತ್ತವೆ. ಈ ಎರಡು ದಾರಿಗಳು ತೋರಿಸುವುದು ಅವರಲ್ಲಿ ಇಬ್ಬರನ್ನು ಮಾತ್ರ. ಬೆರಕೆಗೆ ಕಾರಣವಾದ ಸಂಬಂಧ ಒಪ್ಪಿಗೆಯದೋ, ಬಲಾತ್ಕಾರದ್ದೋ, ಮದುವೆಯೋ, ಒಡೆತನವೋ ಎಂಬುದು ಯಾವ ಗುರುತುಬಿಂದುವಿನಲ್ಲಿಯೂ ಬರೆದಿರುವುದಿಲ್ಲ. ಬೆರಕೆಯ ಸಂತಾನ ಯಾವ ಕಡೆಗೆ ಸೇರಬೇಕೆಂಬುದನ್ನು ತೀರ್ಮಾನಿಸುವುದೂ ಸಮಾಜವೇ. ಅಂಥ ಮಕ್ಕಳೆಲ್ಲರನ್ನು ಸಿದ್ದಿಗಳೆಂದೇ ಎಣಿಸುವ ರೂಢಿಯಿದ್ದರೆ, ನೆರೆಯ ಜಾತಿಯ ಮಾದರಿಯಲ್ಲಿ ಆಫ್ರಿಕದ ಅಂಶ ಕಾಣಿಸದಿರುವುದು ಸಹಜ. ಅದನ್ನು ಏಕಮುಖ ಬೆರಕೆಯೆಂದು ವಿವರಿಸಿದರೆ ರೂಢಿಯ ಫಲವನ್ನು ಪ್ರಕೃತಿಯ ಫಲವೆಂದು ಬಗೆದಂತಾಗುತ್ತದೆ.

ನೆತ್ತರಿನ ಸಾಮಾಜಿಕ ಪರಿಣಾಮ

ಇವೆಲ್ಲ ವಿದ್ವಾಂಸರ ಸೂಕ್ಷ್ಮಗಳೆಂದು ತಳ್ಳಿಹಾಕುವಂತಿಲ್ಲ. ದೇಹದಿಂದ ಮೂಲವನ್ನೂ, ಮೂಲದಿಂದ ಸಾಮರ್ಥ್ಯವನ್ನೂ ಊಹಿಸಿದ ಪ್ರಸಂಗ ಸಿದ್ದಿಗಳ ಬದುಕಿನಲ್ಲಿ ಈಗಾಗಲೇ ನಡೆದಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯೊಂದರಡಿ ಸಿದ್ದಿ ಬಾಲಕ ಬಾಲಕಿಯರನ್ನು ಓಟಗಾರರನ್ನಾಗಿ ತರಬೇತುಗೊಳಿಸಲು ಆಯ್ಕೆಮಾಡಲಾಯಿತು. ಆಫ್ರಿಕದ ರಕ್ತ ಪದಕ ತರುತ್ತದೆಂಬ ನಂಬಿಕೆ ಅದರ ಬುನಾದಿಯಾಗಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. 1990ರ ದಶಕದ ಮೊದಲ ಭಾಗದಲ್ಲಿ ಆ ತರಬೇತಿ ನಿಂತಿತು. ಮಕ್ಕಳು ಕಾಡಿನ ಮನೆಗಳಿಗೆ ಮರಳಿದರು.

ಇನ್ನೊಂದು ಪ್ರಸಂಗ ಕಾನೂನಿಗೆ ಸಂಬಂಧಿಸಿದ್ದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಅದೇ ಮಾನ್ಯತೆ ದೊರೆತದ್ದು 2020ರಲ್ಲಿ. ಹದಿನೇಳು ವರ್ಷಗಳ ಕಾಲ ಹಳಿಯಾಳದ ಸಿದ್ದಿ ಬುಡಕಟ್ಟಿನವನಾಗಿದ್ದ. ಗಡಿಯಾಚೆ ಕಲಘಟಗಿಯಲ್ಲಿದ್ದವನು ಆಗಿರಲಿಲ್ಲ. ವಂಶವಾಹಿಯ ಸಾಕ್ಷ್ಯ 2011ರಲ್ಲಿಯೇ ಮುದ್ರಿತವಾಗಿದ್ದರೂ ಜಿಲ್ಲೆಯ ಗಡಿಗೆ ಅದು ಗೊತ್ತಿರಲಿಲ್ಲ. ಹಾಗೆಂದು ಮಾನ್ಯತೆಗೆ ರಕ್ತಪರೀಕ್ಷೆಯೇ ಪ್ರಮಾಣವಾಗಬೇಕೆನ್ನುವುದು ಇನ್ನೂ ಅಪಾಯಕರ. ಹಾಗಾದಲ್ಲಿ ಶೇ. 70 ಆಫ್ರಿಕನ್ ಪಾಲಿರುವವನು ಶೇ. 40 ಇರುವವನಿಗಿಂತ ಹೆಚ್ಚು ಸಿದ್ದಿಯೆನಿಸಿಕೊಳ್ಳಬೇಕಾಗುತ್ತದೆ. ಸಿದ್ದಿಗಳ ವಂಚಿತ ಸ್ಥಿತಿಗೆ ಕಾರಣ ಅವರ ಚರಿತ್ರೆ ಮತ್ತು ಭೂಹೀನತೆ. ಹಕ್ಕಿನ ಆಧಾರವೂ ಅದೇ ಆಗಿರಬೇಕು.

ಜಾನಪದ ಅಧ್ಯಯನದ ಆತ್ಮವಿಮರ್ಶೆ

ಈ ದೋಷಗಳು ತಳಿವಿಜ್ಞಾನಕ್ಕೆ ಮಾತ್ರ ಸೀಮಿತವೆಂದು ಭಾವಿಸುವುದು ಸರಿಯಲ್ಲ. ಟಿ.ಸಿ. ಪಾಲಾಕ್ಷಪ್ಪ ಅವರು 1976ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತ ಗ್ರಂಥ ಪ್ರಕಟಿಸಿದಂದಿನಿಂದ ಈ ಸಮುದಾಯದ ಅಧ್ಯಯನ ಬೆಳೆದಿದೆ. ಆದರೆ ಸಿದ್ದಿಗಳ ಪ್ರತಿ ಕುಣಿತದಲ್ಲಿಯೂ, ಪ್ರತಿ ಬಡಿತದಲ್ಲಿಯೂ ಆಫ್ರಿಕದ ಅವಶೇಷವನ್ನು ಹುಡುಕುವ ಚಾಳಿ ಜಾನಪದ ಲೇಖನಗಳಲ್ಲಿಯೂ ಕಂಡುಬರುತ್ತದೆ. ಅವರ ಡಮಾಮಿ ವಾದ್ಯದ ಹೆಸರು ಉತ್ತರ ಭಾರತದಲ್ಲಿ ದೊಡ್ಡ ನಗಾರಿಗೆ ಸಲ್ಲುವ, ಫಾರಸಿ ಮೂಲದ 'ದಮಾಮಾ' ಎಂಬ ಪದಕ್ಕೆ ಹತ್ತಿರವಾಗಿದೆ. ಗುಜರಾತಿನ ಸಿದ್ದಿಗಳ 'ಗೋಮ' ಎಂಬ ಕುಣಿತದ ಹೆಸರಾದರೋ ಡೋಲು ಎಂಬ ಅರ್ಥದ ಬಾಂಟು ಪದ 'ಙೊಮ'ಕ್ಕೆ ಸೇರಿದ್ದು. ಲಯ ಒಂದು ದಾರಿಯಿಂದ, ಹೆಸರು ಇನ್ನೊಂದು ದಾರಿಯಿಂದ, ನೆತ್ತರು ಮತ್ತೊಂದು ದಾರಿಯಿಂದ ಬಂದಿರಬಹುದು. ಮೂರನ್ನೂ ಒಂದೇ ಗೆರೆಯಲ್ಲಿ ಜೋಡಿಸುವುದು ಶಾಸ್ತ್ರವಾಗದು.

ಉತ್ತರ ಕನ್ನಡದ ಸಿದ್ದಿಗಳಲ್ಲಿ ಮೂರು ಮತಗಳವರಲ್ಲಿಯೂ ಹಿರಿಯರ ಆರಾಧನೆ ಇದೆ. ಹಿರಿಯರೆಂದರೆ ಆ ಮನೆಯಲ್ಲಿ ಬಾಳಿ ಸತ್ತವರು. ಹೆಸರು ಹಿಡಿದು ಕರೆದರೆ ಓಗೊಡುವರೆಂಬ ನಂಬಿಕೆಯವರು. ತಳಿವಿಜ್ಞಾನದ ಪೂರ್ವಜರು ಹೆಸರಿಲ್ಲದವರು, ದೂರದವರು. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ; ಒಂದು ಇನ್ನೊಂದರ ಸ್ಥಾನ ತುಂಬುವುದೂ ಇಲ್ಲ. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ಸಿದ್ದಿ ಕಲಾವಿದರು ಚಿನುವಾ ಅಚೆಬೆಯ ಕಾದಂಬರಿಯ ಕನ್ನಡ ರಂಗರೂಪವನ್ನು ಆಡಿದಾಗ ಆಫ್ರಿಕ ಅವರಿಗೆ ಒಂದು ಆಯ್ಕೆಯಾಗಿ, ಅಭಿನಯವಾಗಿ ಒದಗಿತು. ಪ್ರಯೋಗಶಾಲೆಯ ಫಲಿತವಾಗಿ ಒದಗುವ ಆಫ್ರಿಕಕ್ಕೂ ಇದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಾತು ಅವರದಾಗಿತ್ತು.

ಮರಳಿಸುವ ಹೊಣೆ

ಅಮೆರಿಕದ ಹವಸುಪಾಯಿ ಬುಡಕಟ್ಟಿನ ಪ್ರಕರಣ ಇಲ್ಲಿ ಉಲ್ಲೇಖಾರ್ಹ. 1990ರಿಂದ ಮಧುಮೇಹದ ಅಧ್ಯಯನಕ್ಕೆಂದು ಅವರು ಕೊಟ್ಟ ರಕ್ತವನ್ನು ಬೇರೆ ಕಾಯಿಲೆಗಳ ಹಾಗೂ ವಲಸೆಯ ಸಂಶೋಧನೆಗೂ ಬಳಸಲಾಯಿತು. ತಾವು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿಯೇ ಹುಟ್ಟಿದವರೆಂಬ ಅವರ ಮೂಲಕಥನಕ್ಕೆ ವಲಸೆಯ ಫಲಿತಗಳು ವಿರುದ್ಧವಾಗಿದ್ದವು. 2010ರ ರಾಜಿಯಲ್ಲಿ 41 ಮಂದಿಗೆ ಒಟ್ಟು ಏಳು ಲಕ್ಷ ಡಾಲರ್ ಪರಿಹಾರ ದೊರೆತು ರಕ್ತದ ಮಾದರಿಗಳನ್ನು ಹಿಂದಿರುಗಿಸಲಾಯಿತು. ದಕ್ಷಿಣ ಆಫ್ರಿಕದ ಸಾನ್ ಸಮುದಾಯವು 2017ರಲ್ಲಿ ಸಂಶೋಧಕರಿಗೆ ತನ್ನದೇ ಆದ ನೀತಿಸಂಹಿತೆಯನ್ನು ಪ್ರಕಟಿಸಿತು.

ಭಾರತದಲ್ಲಿ 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯು ಹತ್ತು ಸಾವಿರ ವ್ಯಕ್ತಿಗಳ ಸಂಪೂರ್ಣ ವಂಶವಾಹಿಯನ್ನು ಓದುವ ಗುರಿ ಹೊಂದಿತ್ತು. 2025ರ ಜನವರಿಯಲ್ಲಿ ಅದರ ದತ್ತಾಂಶ ಸಂಶೋಧಕರಿಗೆ ತೆರೆಯಿತು. ವೈದ್ಯಕೀಯಕ್ಕೆ ಇದರ ಉಪಯೋಗ ನಿಸ್ಸಂದೇಹ. ಒಳಬಾಂಧವ್ಯ ವಿವಾಹದಿಂದ ಕೆಲವು ಸಮುದಾಯಗಳಲ್ಲಿ ವಿಶಿಷ್ಟ ಆನುವಂಶಿಕ ದೋಷಗಳು ದಟ್ಟವಾಗಿರುತ್ತವೆ. ಆಂಧ್ರದ ವೈಶ್ಯರಲ್ಲಿ ಅರಿವಳಿಕೆಯ ಔಷಧಿಯೊಂದು ಅಪಾಯ ತರುವುದು ಪರಿಚಿತ ಉದಾಹರಣೆ. ಇಂಥಲ್ಲಿ ಸಮುದಾಯದ ಹೆಸರು ತಿಳಿದಿರುವುದು ಪ್ರಾಣ ಉಳಿಸಬಲ್ಲದು. ಆದ್ದರಿಂದ ಬೇಕಾಗಿರುವುದು ಹೆಸರಿನ ಬಳಕೆಯಲ್ಲಿ ಎಚ್ಚರ. ಮಾದರಿ ಸಂಗ್ರಹದ ಹಂತದಲ್ಲಿಯೇ ಜಾನಪದ ಮತ್ತು ಮಾನವಶಾಸ್ತ್ರ ಬಲ್ಲವರು ಜೊತೆಗಿರಬೇಕು. ಚೀಟಿಯ ಮೇಲಿನ ಹೆಸರು ಯಾರು ಕೊಟ್ಟದ್ದು, ಅದರ ಒಳಗೆ ಯಾವ ಬಳಿ, ಯಾವ ಮತ, ಯಾವ ಊರು ಎಂಬುದು ದಾಖಲಾಗಬೇಕು. ಫಲಿತವನ್ನು ಆ ಜನರ ನುಡಿಯಲ್ಲಿ ಅವರಿಗೆ ಮೊದಲು ಹೇಳಬೇಕು.

ಕರ್ನಾಟಕದ ಹೆಳವರ ಪದ್ಧತಿ ಇದಕ್ಕೆ ಒಂದು ಮಾದರಿ. ಎತ್ತಿನ ಮೇಲೆ ಬರುವ ಹೆಳವ ಒಕ್ಕಲಿನ ಮನೆಯ ಮುಂದೆ ನಿಂತು ಆ ಮನೆತನದ ಪೀಳಿಗೆಯನ್ನು ಆ ಮನೆಯವರಿಗೇ ಹೇಳುತ್ತಾನೆ. ಈಚೆಗೆ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾನೆ. ತಪ್ಪಿದ್ದರೆ ಮನೆಯ ಹಿರಿಯರು ಅಲ್ಲಿಯೇ ತಿದ್ದುತ್ತಾರೆ. ಕಾಳು ಪಡೆದು ಮುಂದೆ ಹೋಗುತ್ತಾನೆ. ವಂಶದ ಅರಿವು ಅಲ್ಲಿ ಯಾರಿಗೆ ಸೇರಿದ್ದೋ ಅವರ ಅಂಗಳದಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಸಿದ್ದಿಗಳ ನೆತ್ತರನ್ನು ಓದಿದ ಅಧ್ಯಯನಗಳು ಯಲ್ಲಾಪುರ, ಹಳಿಯಾಳಗಳ ಅಂಗಳಕ್ಕೆ ಮರಳಿ, ಅಲ್ಲಿನವರ ಪ್ರಶ್ನೆಗಳಿಗೆ ಉತ್ತರ ಹೇಳುವಂತಾದಾಗ ಮಾತ್ರ ಅವು ಪೂರ್ಣವಾದವೆಂದು ಹೇಳಬಹುದು.